ಒಂದು ಗುಣ, ಒಂದು ದೋಷ

ಬಸವಕಲ್ಯಾಣದ ಛಾಯಾಚಿತ್ರ ಮಂಡಳಿಗೆ ಇದ್ದದ್ದು ಒಂದೇ ಕಟ್ಟಳೆ. ಯಾರ ಫೋಟೋ ಮೇಜಿನ ಮೇಲೆ ಬಂದರೂ ನೋಡುವವರು ಮೊದಲು ಒಂದು ಗುಣ ಹೇಳಬೇಕು, ಆಮೇಲೆ ಒಂದು ದೋಷ. ತೆಗೆದವರು ಅಲ್ಲಿಯ ತನಕ ತುಟಿ ಬಿಚ್ಚುವಂತಿಲ್ಲ. ಕೊನೆಗೆ ‘ತಿದ್ದಿಕೊಳ್ತೀನಿ’ ಎಂದು ಕೂರಬೇಕು, ಅಷ್ಟೇ. ಈ ಕಟ್ಟಳೆ ಮಾಡಿದವರು ಅರಿವೆ ಅಂಗಡಿಯ ಮಹಾರುದ್ರಪ್ಪ. ಸಭೆ ನಡೆಯುವುದು ಅವರ ಅಂಗಡಿಯ ಮಾಳಿಗೆಯ ಮೇಲೆ. ಫೋಟೋ ತೊಳೆಯುವ ಕತ್ತಲಕೋಣೆಯೂ, ದೊಡ್ಡದು ಮಾಡುವ ಎನ್‌ಲಾರ್ಜರೂ ಅವರವೇ. ಹೀಗಾಗಿ ಅವರ ಫೋಟೋಗಳಲ್ಲಿ ಮಂದಿಗೆ ಗುಣ ಬೇಗ ಕಾಣುತ್ತಿತ್ತು. ದೋಷ ಹುಡುಕುವಷ್ಟರಲ್ಲಿ ಚಹಾ ಬಂದುಬಿಡುತ್ತಿತ್ತು.

೧೯೭೫ರ ಸುಗ್ಗಿ ಮುಗಿದ ಮೇಲೆ ಹುಮನಾಬಾದಿನ ಶಾಲೆಯ ಮಾಸ್ತರ ದತ್ತಾತ್ರಿ ತನ್ನ ತಾಯಿಯ ಫೋಟೋ ತಂದ. ಘಾಟಬೋರಾಳದಲ್ಲಿ ಕೂಲಿ ಮಾಡುವ ಶೇವಂತಾಬಾಯಿ ಕಣದಲ್ಲಿ ನಿಂತು ಜೋಳ ತೂರುತ್ತಿದ್ದಳು. ಹೊಟ್ಟು ಬಿಸಿಲಿನಲ್ಲಿ ಹೊಗೆಯಂತೆ ಎದ್ದಿತ್ತು. ಅವಳು ಹುಟ್ಟಿದಾಗಿನಿಂದ ತೆಗೆಸಿಕೊಂಡ ಮೊದಲ ಫೋಟೋ ಅದು.

ಮಹಾರುದ್ರಪ್ಪ ಅದನ್ನು ಕಣ್ಣಿಗೆ ಹಿಡಿದು ನೋಡಿದರು. “ಗುಣ, ಹೊಟ್ಟಿನ ಮ್ಯಾಲಿನ ಬೆಳಕು. ಬೇಷ್ ಬಂದದ. ದೋಷ, ಈ ಮುದುಕಿ.”

ಯಾರೋ ಕಿಸಕ್ಕೆಂದರು. ಮಹಾರುದ್ರಪ್ಪ ಎರಡು ರಟ್ಟಿನ ಪಟ್ಟಿ ಇಟ್ಟು ಮುಖವನ್ನು ಮುಚ್ಚಿದರು. ಮೊರ, ಎರಡು ಕೈ, ಹೊಟ್ಟು ಮಾತ್ರ ಉಳಿದವು.

“ಮನಶ್ಯಾರನ್ನ ನೋಡಬ್ಯಾಡ್ರಿ ಮಾಸ್ತರ, ಬೆಳಕ ನೋಡ್ರಿ. ಈಗ ನೋಡ್ರಿ, ಹ್ಯಾಂಗ ಕಾಣಾಕತ್ತದ!”

ಅಷ್ಟಕ್ಕೆ ಬಿಟ್ಟಿದ್ದರೆ ಬೇರೆ ಮಾತು. ಬ್ಲೇಡು ತೆಗೆದುಕೊಂಡು ಪಟ್ಟಿಯಂಚಿಗೆ ಕೊಯ್ದೇಬಿಟ್ಟರು. ತಾಯಿಯ ಮುಖವಿದ್ದ ತುಂಡು ನೆಲಕ್ಕೆ ಬಿತ್ತು. ದತ್ತಾತ್ರಿ ಬಗ್ಗಿ ಅದನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. ಕಟ್ಟಳೆಯಂತೆ ಹೇಳಿದ: “ತಿದ್ದಿಕೊಳ್ತೀನ್ರಿ.”

ಊರಿಗೆ ಹೋದಾಗ ತಾಯಿ ಕೇಳಿದಳು: “ಎಲ್ಲಿ ಅದಪಾ ನನ್ನ ಫೋಟೋ?”

“ಕೆಟ್ಟು ಹೋಯ್ತವ್ವ.”

“ನನ್ನ ಮಾರಿ ನೋಡಿ ಕ್ಯಾಮರಾನೇ ಅಂಜಿತೇನೋ,” ಎಂದು ಅವಳು ನಕ್ಕಳು. ಆ ನಗು ಅವನನ್ನು ಮಲಗಲು ಬಿಡಲಿಲ್ಲ. ಅಂದಿನಿಂದ ದತ್ತಾತ್ರಿ ಒಂದು ಸಭೆಯನ್ನೂ ತಪ್ಪಿಸಲಿಲ್ಲ. ಮಹಾರುದ್ರಪ್ಪನವರ ಪ್ರತಿ ಫೋಟೋವನ್ನೂ ಮೂಗು ತಾಗುವಷ್ಟು ಹತ್ತಿರ ಹಿಡಿದು ನೋಡುತ್ತಿದ್ದ. ಅವರೂ ಅಂದುಕೊಂಡರು, ಮಾಸ್ತರ ಕಲಿಯುತ್ತಿದ್ದಾನೆ ಎಂದು.

ಮರುವರ್ಷ ಮಹಾರುದ್ರಪ್ಪನವರ ಮಗಳು ಲಲಿತಾಬಾಯಿಗೆ ಹುಮನಾಬಾದಿನ ಕಾಳಿನ ವ್ಯಾಪಾರಿ ಬಸವಣಪ್ಪನವರ ಮನೆಯಲ್ಲಿ ಸಂಬಂಧ ಕೂಡಿತು. ನಿಶ್ಚಯದ ದಿನ ಬಸವಣಪ್ಪ ಸೊಸೆಯಾಗುವವಳಿಗೆ ಶಾಸ್ತ್ರದ ಸಕ್ಕರೆ ಕೊಡುತ್ತಿದ್ದ ಗಳಿಗೆಯನ್ನು ಮಹಾರುದ್ರಪ್ಪ ತಾವೇ ಕ್ಯಾಮರಾದಲ್ಲಿ ಹಿಡಿದಿದ್ದರು. ಅದನ್ನು ಸಭೆಗೆ ತಂದರು. ಕಿಟಕಿಯ ಬೆಳಕು ಸಕ್ಕರೆಯ ಮೇಲೆ ಬಿದ್ದು ಹರಳು ಹರಳಾಗಿ ಹೊಳೆಯುತ್ತಿತ್ತು.

“ಮಾಸ್ತರ, ನೀವ ನೋಡ್ರಿ. ನಾಳಿ ಇದನ್ನ ಹಿಂಗ ದೊಡ್ಡದು ಮಾಡಿ, ಕಟ್ಟು ಹಾಕಿಸಿ, ಮದವಿ ಆದ ಮ್ಯಾಲ ಬೀಗರ ಮನ್ಯಾಗ ಕೊಡೋದದ. ತಪ್ಪು ಇದ್ರ ಈಗ ಹೇಳ್ರಿ. ಸಣ್ಣದಿದ್ರೂ ಹೇಳ್ರಿ.”

ದತ್ತಾತ್ರಿಗೆ ಮೊದಲು ಕಂಡದ್ದು ಕೈಗಡಿಯಾರ. ಬಸವಣಪ್ಪ ಅದನ್ನು ಎಡಗೈಗೆ ಕಟ್ಟುತ್ತಿದ್ದುದನ್ನು ಅವನು ದಿನಾ ನೋಡಿದ್ದ. ಇಲ್ಲಿ ಅದು ಬಲಗೈಯಲ್ಲಿತ್ತು. ಹಾಗಾದರೆ ಸಕ್ಕರೆ? ಸಕ್ಕರೆ ಎಡಗೈಯಲ್ಲಿತ್ತು. ನೆಗೆಟಿವ್ ಎನ್‌ಲಾರ್ಜರಿನಲ್ಲಿ ಮಗುಚಿ ಕೂತು, ಎಡ ಬಲವಾಗಿ, ಬಲ ಎಡವಾಗಿ ಅಚ್ಚಾಗಿತ್ತು. ತೆಗೆದವರೇ ಕಣ್ಣಾರೆ ಕಂಡ ಶಾಸ್ತ್ರ. ಆದರೂ ಅವರು ನೋಡಿದ್ದು ಬೆಳಕನ್ನು ಮಾತ್ರ.

ಒಂದು ಮಾತು ಹೇಳಿದ್ದರೆ ಸಾಕಿತ್ತು, ನೆಗೆಟಿವ್ ತಿರುವಿ ಇಟ್ಟು ಮತ್ತೆ ಅಚ್ಚು ಮಾಡಿಕೊಳ್ಳುತ್ತಿದ್ದರು. ದತ್ತಾತ್ರಿಯ ಕೈ ಜೇಬಿನ ಮೇಲೆ ಹೋಯಿತು. ತುಂಡು ಅಲ್ಲೇ ಇತ್ತು.

“ಗುಣ, ಬೆಳಕು. ಭಾಳ ಚಲೋ ಅದರಿ,” ಎಂದ.

“ದೋಷ?”

“ಹುಡುಕಾಕತ್ತೀನ್ರಿ. ಸಿಗವಲ್ದು.”

ಮಹಾರುದ್ರಪ್ಪನವರ ಮುಖ ಅರಳಿತು. ಉಳಿದವರು ಫೋಟೋ ನೋಡುವುದನ್ನು ಬಿಟ್ಟು ಚಹಾದ ಕಡೆ ತಿರುಗಿದರು.

ಮದುವೆಯಾಗಿ ಲಲಿತಾಬಾಯಿ ಗಂಡನ ಮನೆ ತುಂಬಿದ ದಿನ ದತ್ತಾತ್ರಿ ತಪ್ಪದೆ ಹೋಗಿ, ಎಲ್ಲರ ಮುಖ ಕಾಣುವಂತೆ ಕಂಬದ ಬಳಿ ನಿಂತ. ಮಹಾರುದ್ರಪ್ಪ ಬಟ್ಟೆ ಸರಿಸಿ ಕಟ್ಟು ಹಾಕಿದ ಫೋಟೋವನ್ನು ಎತ್ತಿ ಹಿಡಿದರು. ವಾಹ್ ವಾಹ್ ಎಂದಿತು ಮಂದಿ. ಬಸವಣಪ್ಪನವರ ಹೆಂಡತಿ ಕಸ್ತೂರಿಬಾಯಿ ಮಾತ್ರ ಹತ್ತಿರ ಬಂದು ದಿಟ್ಟಿಸಿದಳು.

“ಅಯ್ಯ ಶಿವನ, ಇವ್ರು ಸೊಸಿಗಿ ಎಡಗೈಲೆ ಸಕ್ಕರಿ ಕೊಟ್ಟಾರಲ್ರೀ!”

ಬಸವಣಪ್ಪ ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. “ನಾ ಬಲಗೈಲೇ ಕೊಟ್ಟೀನಿ. ಅಷ್ಟೂ ಮಂದಿ ನೋಡ್ಯಾರ.”

“ಇನ್ನ ಮುಂದ ಮಂದಿ ಇದನ್ನ ನೋಡ್ತಾರ. ಬೀಗರ, ನಮ್ಮನ್ನ ಹಿಂಗ ಗ್ವಾಡಿಗಿ ತೂಗಹಾಕಬೇಕಂತ ಮಾಡೀರೇನು?” ಎಂದಳು ಕಸ್ತೂರಿಬಾಯಿ.

ಹಿಂದಿನಿಂದ ಒಬ್ಬರು ನಕ್ಕರು, ಆಮೇಲೆ ಹತ್ತು ಜನ. ಬೆವರುತ್ತ ಫೋಟೋದ ಮೇಲೆ ಮತ್ತೆ ಬಟ್ಟೆ ಎಳೆಯುತ್ತಿದ್ದ ಮಹಾರುದ್ರಪ್ಪನವರನ್ನು ದತ್ತಾತ್ರಿ ಕಣ್ಣು ತುಂಬ ನೋಡಿದ. ಎದೆಗೆ ತಂಪಾಯಿತು. ಮೂಲೆಯಲ್ಲಿ ಲಲಿತಾಬಾಯಿ ಸೆರಗು ಮುಂದಕ್ಕೆಳೆದು ತಲೆ ತಗ್ಗಿಸಿ ನಿಂತಿದ್ದಳು. ಅವಳ ನೆನಪೇ ಅವನಿಗೆ ಆಗಿರಲಿಲ್ಲ. ಅವಳತ್ತ ಮತ್ತೆ ನೋಡದೆ ಹೊರಗೆ ಬಂದ.

ಮುಂದಿನ ಸಭೆಯಲ್ಲಿ ಮಹಾರುದ್ರಪ್ಪ ಅದೇ ಫೋಟೋವನ್ನು ಮೇಜಿನ ಮೇಲಿಟ್ಟರು. “ಮಾಸ್ತರ, ಅವತ್ತು ಇದು ನಿಮಗ ಕಂಡಿತ್ತೇನು? ಖರೇ ಹೇಳ್ರಿ.”

“ಕಂಡಿತ್ರಿ.”

“ಮತ್ತ ಯಾಕ ಹೇಳಲಿಲ್ಲ?”

“ನೀವ ಕಲಿಸೀರಲ್ರಿ, ಮನಶ್ಯಾರನ್ನ ನೋಡಬ್ಯಾಡ, ಬೆಳಕ ನೋಡು ಅಂತ. ಬೆಳಕು ಚಲೋ ಇತ್ರಿ.” ಜೇಬಿನಿಂದ ತಾಯಿಯ ಮುಖದ ತುಂಡನ್ನು ತೆಗೆದು ಕಟ್ಟಿನ ಗಾಜಿನ ಮೇಲಿಟ್ಟ.

ಮಹಾರುದ್ರಪ್ಪ ಅದನ್ನು ಬಹಳ ಹೊತ್ತು ನೋಡಿದರು. “ನಾ ನಿಮ್ಮ ಫೋಟೋಕ್ಕ ಬ್ಲೇಡು ಹಚ್ಚಿದ್ದು ತಪ್ಪು,” ಎಂದರು ಮೆಲ್ಲಗೆ. “ಆದ್ರ ನನಗ ಅನಿಸಿದ್ದನ್ನ ನಿಮ್ಮ ಮಾರಿ ಮುಂದ ಹೇಳಿದ್ದೆ.”

ದತ್ತಾತ್ರಿ ತಾನು ತಂದಿದ್ದ ಹೊಸ ಫೋಟೋವನ್ನು ಮುಂದಿಟ್ಟ. ಶೇವಂತಾಬಾಯಿ ಹೊಸ್ತಿಲಲ್ಲಿ ಕೂತು ನೇರವಾಗಿ ನೋಡುತ್ತಿದ್ದಳು. ಈ ಸಲ ಮುಖ ಪೂರ್ತಿ ಬಂದಿತ್ತು. ಆದರೆ ಏನೋ ಕೊರತೆಯಿತ್ತು. ಏನೆಂದು ಅವನಿಗೆ ಎಷ್ಟು ನೋಡಿದರೂ ಗೊತ್ತಾಗಿರಲಿಲ್ಲ. ಅದನ್ನು ಕೇಳಲೆಂದೇ ತಂದಿದ್ದ.

ಫೋಟೋ ಕೈಯಿಂದ ಕೈಗೆ ಹೋಯಿತು. ಔಷಧ ಅಂಗಡಿಯ ನಾಗನಾಥ ಅದನ್ನು ಓರೆ ಮಾಡಿ, ದೂರ ಹಿಡಿದು, ಹುಬ್ಬು ಗಂಟಿಕ್ಕಿದ. ಅವನಿಗೆ ಏನೋ ಕಂಡಿತ್ತು. ದತ್ತಾತ್ರಿ ಮುಂದಕ್ಕೆ ಬಾಗಿದ.

“ಚಲೋ ಅದ ಮಾಸ್ತರ,” ಎಂದು ನಾಗನಾಥ ಫೋಟೋವನ್ನು ಪಕ್ಕದವನಿಗೆ ದಾಟಿಸಿದ. ದತ್ತಾತ್ರಿ ಕಟ್ಟಳೆ ಮರೆತು ಕೇಳಿಬಿಟ್ಟ:

“ದೋಷ?”

“ಏನೂ ಇಲ್ರಿ.”

ಪಕ್ಕದವನೂ ಅದನ್ನೇ ಹೇಳಿದ. ಅವನ ಪಕ್ಕದವನೂ. ಕೊನೆಗೆ ಫೋಟೋ ಮಹಾರುದ್ರಪ್ಪನವರ ಕೈಗೆ ಬಂತು. ಅವರು ಒಮ್ಮೆ ನೋಡಿ, ಬೆರಳಿನ ಗುರುತು ಬೀಳದಂತೆ ಅಂಚು ಹಿಡಿದು, ಬಲಗೈಯಿಂದ ದತ್ತಾತ್ರಿಗೆ ಮರಳಿಸಿದರು.

“ಭಾಳ ಚಲೋ ಅದರಿ,” ಎಂದರು.