ಗೋಧಿ ಕಾಳಿನ ಗುರುತು

ಜರ್ವಲಿಯ ಬಲಗೈ ಹೆಬ್ಬೆರಳಿಗೆ ಉಗುರಿಲ್ಲ. ಎಡಗಣ್ಣಿನೊಳಗೆ ಕಬ್ಬಿಣದ ಚೂರೊಂದು ಹೊಕ್ಕು ಹನ್ನೊಂದು ವರ್ಷವಾಯಿತು. ಅದು ಅಲ್ಲೇ ಮನೆ ಮಾಡಿಕೊಂಡಿದೆ. ಚಳಿ ಬಿದ್ದರೆ ಆ ಕಣ್ಣಿಂದ ನೀರು ಸುರಿಯುತ್ತದೆ, ಅಳುತ್ತಿದ್ದಾನೆಂದು ಜನ ತಿಳಿಯುತ್ತಾರೆ. ಪೇಶಾವರದ ಹತ್ತಿರದ ದರ್ರಾ ಊರಿನ ಬಂದೂಕು ಬಜಾರಿನಲ್ಲಿ, ಹಾಜಿ ಮೀರ್‌ಜಮಾನನ ಅಂಗಡಿಯ ಹಿಂದಿನ ತಗಡಿನ ಮಾಡಿನ ಕೆಳಗೆ ಕಾಲು ಮಡಚಿ ಕೂತು, ಕಬ್ಬಿಣಕ್ಕೆ ಅರ ಉಜ್ಜುವುದು ಅವನ ಕಸುಬು. ಇಪ್ಪತ್ತೆಂಟು ವರ್ಷದಿಂದ ಅವನು ಮಾಡುತ್ತಿರುವುದು ಒಂದೇ ವಸ್ತು. ಚೀನಾ ಮೂವತ್ತು.

ಚೀನಾ ಮೂವತ್ತು ಅಂದರೆ ಆ ದೇಶದಿಂದ ಬರುವ ಮೂವತ್ತು ಬೋರಿನ ಪಿಸ್ತೂಲು. ಆ ಸೀಮೆಯಲ್ಲಿ ಅದರ ಹೆಸರು ಕೇಳದವರಿಲ್ಲ. ಅಸಲಿ ಬೇಕೆಂದರೆ ಒಬ್ಬ ಕಾವಲುಗಾರ ಎಂಟು ತಿಂಗಳ ಸಂಬಳ ಸುರಿಯಬೇಕು. ಅದೇ ಮೈ, ಅದೇ ಹಿಡಿಕೆ, ಹಿಡಿಕೆಯ ಮೇಲೆ ಅದೇ ನಕ್ಷತ್ರ ಇರುವ ದರ್ರಾದ ಮಾಲು ಎರಡು ತಿಂಗಳ ಸಂಬಳಕ್ಕೆ ಸಿಗುತ್ತದೆ. ಅದರಲ್ಲೂ ಎರಡು ಬಗೆ. ಹಳೆಯ ರೈಲುಗಾಡಿಯ ಉಕ್ಕಿನಿಂದ ಮಾಡಿದ್ದು ಒಂದು. ಮನೆ ಕಟ್ಟುವ ಸರಳಿನಿಂದ ಮಾಡಿದ್ದು ಇನ್ನೊಂದು, ಇದು ಅರ್ಧ ತಿಂಗಳ ಸಂಬಳಕ್ಕೇ ಬರುತ್ತದೆ. ಬಣ್ಣ ಹಚ್ಚಿದ ಮೇಲೆ ಎರಡೂ ಅವಳಿಜವಳಿ. ಸರಳಿನದ್ದು ಒಂದು ಗುಂಡಿನ ಮಟ್ಟಿಗೆ ಸರಿ, ಆಮೇಲೆ ಅದರ ಮರ್ಜಿ.

ರೈಲಿನ ಉಕ್ಕಿನದ್ದಕ್ಕೆ ಜರ್ವಲಿ ಒಂದು ಗುರುತು ಹಾಕುತ್ತಿದ್ದ. ಹಿಡಿಕೆಯ ಚಿಪ್ಪಿನ ಒಳಗೆ, ಯಾರ ಕಣ್ಣಿಗೂ ಬೀಳದ ಕಡೆ, ಗೋಧಿ ಕಾಳಿನಂಥ ಒಂದು ಕಚ್ಚು. ಅವನ ಅಪ್ಪ ಹಾಕುತ್ತಿದ್ದ ಗುರುತು ಅದು. ಸರಳಿನದ್ದಕ್ಕೆ ಹಾಕುತ್ತಿರಲಿಲ್ಲ. ಹೊಟ್ಟೆಪಾಡಿಗೆ ಅದನ್ನೂ ಮಾಡುತ್ತಿದ್ದ, ತನ್ನದೆಂದು ಹೇಳಿಕೊಳ್ಳುತ್ತಿರಲಿಲ್ಲ.

ಆ ವಸಂತದಲ್ಲಿ ತಂಗಿ ಬಖ್ತಮೀನಾಳ ಗಂಡ ಯಾರ್ ಬಾದಶಾ ಅವಳನ್ನೂ ಕರೆದುಕೊಂಡು ಮನೆಗೆ ಬಂದ. ಇಟ್ಟಿಗೆ ಭಟ್ಟಿಯಲ್ಲಿ ದುಡಿದು ಬೆನ್ನು ಸುಟ್ಟುಕೊಂಡಿದ್ದ ಆಳು ಅವತ್ತು ನೀಲಿ ಅಂಗಿ ತೊಟ್ಟಿದ್ದ.

"ಪೇಶಾವರದಾಗ ನೌಕರಿ ಸಿಕ್ಕೈತಿ ಲಾಲಾ," ಅಂತ ಹೆಂಡತಿಯ ಅಣ್ಣನಿಗೆ ಹೇಳಿದ. "ಕಾವಲು ಕಂಪನಿ. ರೊಕ್ಕ ಬದಲಿ ಮಾಡೂ ಅಂಗಡಿ ಮುಂದ ನಿಲ್ಲೂದು. ಒಂದ ತೊಂದ್ರಿ. ಪಿಸ್ತೂಲ್ ನಾವ ತರಬೇಕಂತ."

"ಅವರು ಕೊಡೂದಿಲ್ಲೇನು?"

"ಅಂಗಿ ಕೊಡ್ತಾರ, ಎರಡು. ಅದನ್ನೂ ಸಂಬಳದಾಗ ಮುರಕೋತಾರ."

"ಕಾಯೂದು ಅವರ ರೊಕ್ಕ, ಪಿಸ್ತೂಲ್ ನಿಂದಾ?"

"ಜೀವಾನೂ ನಂದ ಅಲ್ಲೇನು ಲಾಲಾ," ಅಂತ ಬಾದಶಾ ನಕ್ಕ.

ಬಖ್ತಮೀನಾ ಹಸಿರು ಚಹಾ ತಂದಿಟ್ಟಳು. "ಹೆಸರಿಗೆ ಬಾದಶಾ, ಕಾಯೂದು ಮಂದಿ ತಿಜೋರಿ," ಅಂದಳು. ಆದರೂ ಅವಳ ಮುಖ ಅರಳಿತ್ತು. ಇನ್ನೊಂದು ಅಂಗಿಯ ಗುಂಡಿ ಕಿತ್ತು ಹೋಗಿತ್ತು, ಅದನ್ನು ಮಡಿಲಲ್ಲಿಟ್ಟುಕೊಂಡು ಹೊಲಿಯುತ್ತಿದ್ದಳು. ಮನೆಯಲ್ಲಿ ನೀಲಿ ದಾರವಿರಲಿಲ್ಲ, ಹಸಿರು ದಾರ ಹಾಕಿದಳು. "ದೂರಕ್ಕ ಕಾಣ್ಸೂದಿಲ್ಲ ಬಿಡು," ಅಂದಳು. ಆಮೇಲೆ ಅಣ್ಣನ ಕಡೆ ತಿರುಗಿ ದನಿ ತಗ್ಗಿಸಿದಳು. "ಲಾಲಾ, ಸಸ್ತಾದ್ದ ಇರ್ಲಿ. ಆದ್ರ ನೀ ಮಾಡಿದ್ದ ಇರ್ಲಿ. ಗುರುತಿಂದು."

ಮರುದಿನ ಜರ್ವಲಿ ಹಾಜಿಯ ಮುಂದೆ ನಿಂತ. ಹಾಜಿ ಎರಡು ಸಲ ಮೆಕ್ಕಾ ಕಂಡವನು, ಗಡ್ಡ ಹತ್ತಿಯಷ್ಟು ಬೆಳ್ಳಗೆ. ಬಜಾರಿನಲ್ಲಿ ಅವನು ನಡೆದು ಬಂದರೆ ಕೂತವರು ಏಳುತ್ತಿದ್ದರು.

"ಉಕ್ಕು ಕೊಡ್ರಿ ಹಾಜಿ ಸಾಹೇಬ. ಶುಕ್ರವಾರ ರಜಾದಾಗ ಕೂತು ನಾನ ಮಾಡ್ಕೋತೀನಿ. ಅದರ ಬದಲಿ ನಾಕ ತಿಂಗಳು ಅರ್ಧ ಕೂಲಿಗೆ ದುಡೀತೀನಿ."

"ಕೊಡ್ದ ಏನ್ ಮಾಡ್ಲಿ?" ಅಂದ ಹಾಜಿ. "ನಿನ್ನ ತಂಗಿ ಗಂಡ ಅಂದ್ರ ನನ್ನ ಮನಿ ಅಳಿಯಾ. ಅವ್ನ ಕೈಯಾಗ ಸರಳಿಂದು ಇಟ್ರ ನನ್ನ ಗಡ್ಡಕ್ಕ ಮರ್ಯಾದಿ ಉಳೀತೇನು?"

ಅವನು ಮಾತಿಗೆ ತಪ್ಪಲಿಲ್ಲ, ಉಕ್ಕು ಕೊಟ್ಟ. ಜರ್ವಲಿ ಐದು ಶುಕ್ರವಾರ ಕೂತು ಮಾಡಿದ. ಇಪ್ಪತ್ತೆಂಟು ವರ್ಷದಲ್ಲಿ ತನ್ನ ಮನೆಯವರಿಗೆಂದು ಮಾಡಿದ್ದು ಅದೊಂದೇ. ಒಳಗೆ ಗೋಧಿ ಕಾಳು ಕೊರೆದ. ಮಾಡಿದವನೇ ಮೊದಲು ಹಾರಿಸಬೇಕು, ಅದು ಅಲ್ಲಿಯ ಪದ್ಧತಿ. ಹಿಂದಿನ ಗುಡ್ಡಕ್ಕೆ ಹೋಗಿ ಬಂಡೆಯ ಮೇಲೆ ಅರವತ್ತು ಗುಂಡು ಹಾರಿಸಿದ. ಒಂದೂ ತಡವರಿಸಲಿಲ್ಲ. ಅಷ್ಟು ಖುಷಿ ಅವನಿಗೆ ತನ್ನ ನಿಕಾಹದ ದಿನವೂ ಆಗಿರಲಿಲ್ಲ.

ಕಪ್ಪು ಬಣ್ಣ ಹಚ್ಚುವುದಕ್ಕೆ ಹಾಜಿಯ ಕೈಗೆ ಕೊಟ್ಟ. ಬಣ್ಣದವನ ಅಂಗಡಿಯಲ್ಲಿ ಮೂರು ದಿನ ಹಿಡಿಯಿತು. ಆ ನಡುವೆ ಲಾಹೋರಿನಿಂದ ಬಿಳಿ ಕಾರಿನವರು ಯಾರೋ ಬಂದು, ಹಾಜಿಯ ಜೊತೆ ಚಹಾ ಕುಡಿದು, ಅಸಲಿ ಚೀನಾ ಮಾಲು ಬೇಕೆಂದು ಕೇಳಿ ಹೋದರು. ಜರ್ವಲಿ ಅದನ್ನು ಕಂಡ. ತನಗೇನು ಸಂಬಂಧ ಅಂತ ಅರ ಉಜ್ಜುತ್ತ ಕೂತ.

ಪಿಸ್ತೂಲು ಕೊಟ್ಟದ್ದು ಹುಜ್ರಾದಲ್ಲಿ. ಊರಿನ ಗಂಡಸರೆಲ್ಲ ಸಂಜೆ ಕೂಡುವ ಜಾಗ. ಹಿರಿಯರು ಹಗ್ಗ ಹೆಣೆದ ಚಾರ್ಪಾಯಿ ಮಂಚಗಳ ಮೇಲೆ ಸಾಲಾಗಿ ಕೂತಿದ್ದರು. ಹಾಜಿ ತನ್ನ ಹೆಗಲ ಶಾಲನ್ನೇ ತೆಗೆದು, ಪಿಸ್ತೂಲನ್ನು ಅದರಲ್ಲಿ ಸುತ್ತಿ, ಕೈಯೆತ್ತಿ ದುವಾ ಮಾಡಿ, ಬಾದಶಾನ ಅಂಗೈಯಲ್ಲಿಟ್ಟ. ಬಾದಶಾ ಅದನ್ನು ಕಣ್ಣಿಗೊತ್ತಿಕೊಂಡ. ಎಲ್ಲರೂ ಆಮೀನ್ ಅಂದರು.

ಬಣ್ಣಕ್ಕೆ ಹೋಗಿ ಬಂದ ಮಾಲನ್ನು ಒಮ್ಮೆ ಬಿಚ್ಚಿ ನೋಡುವುದು ಜರ್ವಲಿಯ ರೂಢಿ. ತಿರುಪು ಬಿಚ್ಚುವ ಕಡ್ಡಿ ಜೇಬಿನಲ್ಲೇ ಇತ್ತು. ಬೆರಳು ಅದನ್ನು ಮುಟ್ಟಿಯೂ ಮುಟ್ಟಿತು. ಆದರೆ ಹಿರಿಯನೊಬ್ಬ ದುವಾ ಮಾಡಿ, ಶಾಲು ಸುತ್ತಿ ಕೊಟ್ಟದ್ದನ್ನು ಹುಜ್ರಾದಲ್ಲಿ ಬಿಚ್ಚಿ ನೋಡುವುದೂ ಒಂದೇ, ಅವನ ಗಡ್ಡ ಹಿಡಿದು ಎಳೆಯುವುದೂ ಒಂದೇ. ಆ ಊರಿನಲ್ಲಿ ಇಂಥದ್ದಕ್ಕೆ ಎರಡು ಮನೆತನ ಮೂವತ್ತು ವರ್ಷ ಹೊಡೆದಾಡಿದ್ದುಂಟು. ಜರ್ವಲಿ ಜೇಬಿನಿಂದ ಬರಿಗೈ ತೆಗೆದ. ಮನೆಗೆ ಹೋದ ಮೇಲಾದರೂ ನೋಡಬಹುದಿತ್ತು. ಹಾಜಿಯ ಶಾಲನ್ನು ಬಿಚ್ಚಿ ಅನುಮಾನ ಪಡಲು ನಾಚಿಕೆಯಾಯಿತು. ಬೆಳಗಿನ ಬಸ್ಸಿಗೆ ಬಾದಶಾ ಹೊರಟು ಹೋದ.

ಕೆಲಸಕ್ಕೆ ಸೇರಿದ ಏಳನೆಯ ತಿಂಗಳು, ಒಂದು ಮಂಗಳವಾರ, ಮಧ್ಯಾಹ್ನದ ನಮಾಜಿನ ಹೊತ್ತಿಗೆ ಮೂವರು ಆ ರೊಕ್ಕದ ಅಂಗಡಿಗೆ ನುಗ್ಗಿದರು. ಬಾದಶಾ ಓಡಿ ಹೋಗಲಿಲ್ಲ. ಒಂದು ಗುಂಡು ಹಾರಿಸಿದ, ಅದು ಬಾಗಿಲಿಗೆ ತಗಲಿತು. ಎರಡನೆಯದು ಹಾರಲಿಲ್ಲ. ಅವನು ಪಿಸ್ತೂಲನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಾಡುತ್ತಿದ್ದಾಗ ಅವರು ಹೊಡೆದರು. ಎದುರಿನ ಹಣ್ಣಿನವನು ಹೀಗಂತ ಹೇಳಿದ.

ಹೆಣ ತರಲು ಹೋದ ಜರ್ವಲಿಗೆ ಠಾಣೆಯ ಮೇಜಿನ ಮೇಲೆ ಪಿಸ್ತೂಲು ಕಂಡಿತು. ಹಾರಿದ ಗುಂಡಿನ ಖಾಲಿ ತೋಟಾ ಕಚ್ಚಿಕೊಂಡು ಅರ್ಧ ಬಾಯಿ ತೆರೆದು ಬಿದ್ದಿತ್ತು.

"ಒಂದ್ಸಲ ಬಿಚ್ಚಲೇನ್ರಿ?" ಅಂತ ಕೇಳಿದ.

ಪೊಲೀಸನಿಗೆ ಅದರಿಂದ ಏನೂ ಆಗಬೇಕಾಗಿರಲಿಲ್ಲ. "ಬಿಚ್ಚು. ನೀವ ಮಾಡ್ತೀರಿ, ನೀವ ಸಾಯ್ತೀರಿ," ಅಂದ.

ಜರ್ವಲಿ ಚಿಪ್ಪು ತೆಗೆದ. ಒಳ್ಳೆಯ ಕಣ್ಣಿನ ಹತ್ತಿರ ತಂದು ನೋಡಿದ. ಗೋಧಿ ಕಾಳಿರಲಿಲ್ಲ. ಬೆರಳಿನಿಂದ ಸವರಿದ. ಇರಲಿಲ್ಲ. ಅದು ತಾನೇ ಮಾಡಿದ ಸರಳಿನ ಮಾಲು, ಅರ ಉಜ್ಜಿದ ಗೆರೆಗಳಿಂದ ಅವನಿಗೆ ಗೊತ್ತಾಯಿತು. ಗುರುತಿನದ್ದು ಬಿಳಿ ಕಾರಿನಲ್ಲಿ ಲಾಹೋರಿಗೆ ಹೋಗಿ, ಅಸಲಿ ಚೀನಾ ಅಂತ ಯಾವ ಸಾಹೇಬನ ಸೊಂಟದಲ್ಲಿ ಕೂತಿತ್ತೋ. ಬೇಲಿಯೇ ಎದ್ದು ಹೊಲ ಮೇದಿತ್ತು.

ಕಂಪನಿಯ ಮ್ಯಾನೇಜರ್ ಒಬ್ಬ ನಿವೃತ್ತ ಸುಬೇದಾರ. ಕೆಟ್ಟವನಂತೆ ಮಾತಾಡಲಿಲ್ಲ. "ಹತ್ಯಾರ ಅವಂದು, ಜವಾಬ್ದಾರಿ ಅವಂದು. ಕಾಗದದ ಮ್ಯಾಲ ಹೆಬ್ಬಟ್ಟು ಒತ್ಯಾನ," ಅಂತ ಕಾಗದ ತೋರಿಸಿದ. "ಪರಿಹಾರ ಬರೂದಿಲ್ಲ. ನನ್ನ ಕೈಯಾಗಿದ್ರ ಕೊಡ್ತಿದ್ದೆ." ಜರ್ವಲಿ ಎದ್ದು ಬಾಗಿಲ ತನಕ ಬಂದ ಮೇಲೆ ಕರೆದು ಅಂದ, "ಇನ್ನೊಂದು ಅಂಗಿ ಮನ್ಯಾಗ ಉಳದೈತಿ. ಅದು ಕಂಪನೀದು, ತಂದು ಕೊಡಬೇಕು."

ಬಖ್ತಮೀನಾ ಅಂಗಿಯನ್ನು ಒಗೆದು, ಮಡಚಿ ಕೊಟ್ಟಳು.

ಹಾಜಿಯ ಮೇಲೆ ಜರ್ವಲಿ ಹಿರಿಯರ ಪಂಚಾಯಿತಿ, ಜಿರ್ಗಾ, ಕರೆಸಿದ. ಅದೇ ಹುಜ್ರಾ, ಅದೇ ಚಾರ್ಪಾಯಿ, ಅವೇ ಗಡ್ಡಗಳು. ಠಾಣೆಯಿಂದ ಬಿಡಿಸಿ ತಂದ ಪಿಸ್ತೂಲನ್ನು ನಡುವೆ ಇಟ್ಟರು.

"ನಾ ಮಾಡಿದ್ದು ಇದಲ್ಲ ಹಾಜಿ ಸಾಹೇಬ. ನಂದು ಎಲ್ಲಿ ಹೋತು?"

"ಇದ ನಿಂದು. ಯಾರು ಅಲ್ಲಂದಾರ?"

"ಇದರಾಗ ನನ್ನ ಗುರುತಿಲ್ಲ."

ಹಾಜಿ ಜಪಮಣಿ ಎಣಿಸುವುದನ್ನು ನಿಲ್ಲಿಸಲಿಲ್ಲ. "ಗುರುತು ಐತಿ ಅಂದ್ರ ಸಾಕ್ಷಿ ಆತು. ಇಲ್ಲ ಅನ್ನೂದೂ ಒಂದು ಸಾಕ್ಷಿ ಏನಪಾ? ಹಾಕೂದು ಮರ್ತಿರ್ತಿ. ಕಣ್ಣು ಬ್ಯಾರೆ ಮಂಜಾಗೈತಿ."

ಊರಿನ ಮುಖ್ಯಸ್ಥನಾದ ಮಲಿಕ ಕೇಳಿದ, "ಆವತ್ತು ಇಲ್ಲೇ ಕೊಟ್ರು, ನಮ್ಮೆಲ್ಲಾರ ಮುಂದ. ಆವತ್ತ ಯಾಕ ಬಿಚ್ಚಿ ನೋಡ್ಲಿಲ್ಲ?"

"ಬಿಚ್ಚಿದ್ರ ನೀವ ನನ್ನ ಹೊರಗ ದಬ್ಬತಿದ್ರಿ."

ಮಲಿಕ ಗಡ್ಡ ನೀವಿಕೊಂಡ. "ಅದೂ ಖರೇನ," ಅಂದ.

ಖರೇ ಮಾತಿಗೆ ಅಲ್ಲಿ ಅಷ್ಟೇ ಬೆಲೆ. ತಪ್ಪು ಯಾರದ್ದೂ ಅಲ್ಲ, ಹಣೆಬರಹ ಅಂತ ಜಿರ್ಗಾ ಎದ್ದಿತು. ಉಪ್ಪು ತಿಂದವನು ನೀರು ಕುಡಿಯಬೇಕು ಅನ್ನುತ್ತಾರೆ. ದರ್ರಾದಲ್ಲಿ ತಿನ್ನುವವನು ಒಬ್ಬ, ಕುಡಿಯುವವನು ಇನ್ನೊಬ್ಬ. ವಿಧವೆಗೆ ದಯೆಯೆಂದು ಹಾಜಿ ಒಂದು ಕುರಿ, ಎರಡು ಚೀಲ ಹಿಟ್ಟು ಕಳಿಸಿದ. ಜರ್ವಲಿ ಚೀಲಕ್ಕೆ ಕಾಲಿನಿಂದ ಒದೆಯಲು ಹೋದ. ಬಖ್ತಮೀನಾ ತಡೆದಳು.

"ಹಿಟ್ಟು ಬ್ಯಾಡ ಅನ್ನೂ ಹಂಗ ಇಲ್ಲ ಲಾಲಾ. ಮಕ್ಕಳು ಮೂರದಾವ. ಒಳಗ ಇಡು."

ಜರ್ವಲಿ ಹಾಜಿಯ ಕೆಲಸ ಬಿಟ್ಟ. ಬಜಾರಿನ ಉಳಿದ ಅಂಗಡಿಗಳಲ್ಲಿ ಕೇಳಿದ. ಎಲ್ಲರೂ ಚಹಾ ಕೊಟ್ಟರು, ಕೆಲಸ ಕೊಡಲಿಲ್ಲ. ಜೊತೆಯ ಕಸುಬಿನವರು ತಲೆ ತಗ್ಗಿಸಿ ಅರ ಉಜ್ಜುತ್ತಲೇ ಇದ್ದರು. ಬಾದಶಾನ ನಲವತ್ತನೆಯ ದಿನದ ಅನ್ನದಾನ ಮುಗಿದ ವಾರಕ್ಕೆ ಜರ್ವಲಿ ತಾನೇ ಹೋಗಿ ಹಳೆಯ ತಗಡಿನ ಕೆಳಗೆ ಕೂತ. "ಬಾ, ನನ್ನ ಮನಸ್ನಾಗ ಏನೂ ಇಲ್ಲ," ಅಂದ ಹಾಜಿ. ಆ ಮಾತು ಜರ್ವಲಿಗೆ ಚಪ್ಪಲಿ ಏಟಿಗಿಂತ ಹೆಚ್ಚಿಗೆ ತಾಗಿತು. ಆವತ್ತಿನಿಂದ ಅವನು ಯಾವುದಕ್ಕೂ ಗುರುತು ಹಾಕಲಿಲ್ಲ.

ಅದಾದ ಎರಡು ವಾರಕ್ಕೆ ಒಬ್ಬ ಗಿರಾಕಿ ಬಂದ. ಸಮೀನ್‌ಜಾನ್ ಅಂತ ಹೆಸರು, ಮೂವತ್ತೈದು ದಾಟಿದ ಗಂಡಸು, ಇಟ್ಟಿಗೆ ಹೊತ್ತು ಜಡ್ಡುಗಟ್ಟಿದ ಅಂಗೈ. ಪೇಶಾವರದಲ್ಲಿ ಕಾವಲಿನ ಜಾಗವೊಂದು ಖಾಲಿಯಾಗಿದೆ, ಪಿಸ್ತೂಲು ತಾನೇ ತರಬೇಕಂತೆ, ಚೀನಾ ಮೂವತ್ತಿನ ಹಾಗೆ ಕಾಣುವ ಎಲ್ಲಕ್ಕಿಂತ ಸಸ್ತಾದ್ದು ಬೇಕು ಅಂದ. ನೀಲಿ ಅಂಗಿ ತೊಟ್ಟಿದ್ದ. ತೋಳು ಬೆರಳ ತನಕ ಇಳಿದಿತ್ತು. ಎದೆಯ ಮೇಲಿನ ಎರಡನೆಯ ಗುಂಡಿಗೆ ಹಸಿರು ದಾರ.

ಹಾಜಿ ಪೆಟ್ಟಿಗೆಯಿಂದ ಒಂದನ್ನು ತೆಗೆದು ಶಾಲಿಗೆ ಕೈ ಹಾಕಿದ. ಅಷ್ಟರಲ್ಲಿ ಜರ್ವಲಿ ಹಿಂದಿನಿಂದ ಎದ್ದು ಬಂದು, ಪಿಸ್ತೂಲನ್ನು ಅವನ ಕೈಯಿಂದ ಕಿತ್ತುಕೊಂಡ. ಬಜಾರಿನ ನಡುವೆ, ಹತ್ತಾರು ಜನರ ಎದುರಿಗೆ, ಹಿರಿಯನ ಕೈಯಿಂದ ಕಿತ್ತುಕೊಂಡ. ಕಡ್ಡಿ ತೆಗೆದು ಮೂರೂ ತಿರುಪು ಬಿಚ್ಚಿದ. ಅರದ ಸದ್ದು ಒಂದೊಂದಾಗಿ ನಿಂತಿತು.

"ನೋಡು," ಅಂದ. "ಇದು ಮನಿ ಕಟ್ಟೂ ಸರಳು. ನಾನ ಮಾಡೀನಿ. ಒಂದು ಗುಂಡು ಹಾರ್ತೈತಿ, ಎರಡನೇದಕ್ಕ ಕಚಗೊಂಡು ಕೂಡ್ತೈತಿ. ನೀ ತೊಟ್ಟ ಅಂಗಿ ನನ್ನ ತಂಗಿ ಗಂಡಂದು. ಅವ ಹಂಗ ಸತ್ತ. ಈ ಮನಷ್ಯಾ ಕೊಟ್ಟ."

ಸಮೀನ್‌ಜಾನ್ ಪಿಸ್ತೂಲಿನ ತೆರೆದ ಹೊಟ್ಟೆಯನ್ನು ನೋಡಿದ, ತನ್ನ ಅಂಗಿಯನ್ನು ನೋಡಿಕೊಂಡ.

"ಗೊತ್ತೈತಿ ಉಸ್ತಾದ್," ಅಂದ ಮೆಲ್ಲಗೆ. "ಕಂಪನ್ಯಾಗ ಎಲ್ಲಾರಿಗೂ ಗೊತ್ತೈತಿ. ಇದು ಹಾರ್ಸಾಕಲ್ಲ, ನೌಕರಿಗೆ. ಸೊಂಟದಾಗ ಇಲ್ಲಂದ್ರ ನಾಳೆ ಒಳಗ ಬಿಡೂದಿಲ್ಲ. ಚಿಪ್ಪು ಕೂಡ್ಸಿ ಕೊಡ್ರಿ, ಬಸ್ಸಿನ ಹೊತ್ತಾತು."

ಹಾಜಿ ಶಾಲನ್ನು ಗಲ್ಲೆಯ ಮೇಲೆ ಹಾಸಿ ಕಾದ. ಎಲ್ಲಿಂದಲೋ ಒಂದು ಅರ ಮತ್ತೆ ಉಜ್ಜತೊಡಗಿತು, ಅದರ ಹಿಂದೆ ಇನ್ನೊಂದು. ಜರ್ವಲಿ ಎರಡು ತಿರುಪು ಬಿಗಿದ. ಮೂರನೆಯದು ಅಂಗೈಯಲ್ಲಿರಲಿಲ್ಲ, ನೆಲದ ಮೇಲೆ ಎಲ್ಲಿಗೋ ಉರುಳಿ ಹೋಗಿತ್ತು. ಸಮೀನ್‌ಜಾನ್ ಉದ್ದ ತೋಳನ್ನು ಮೇಲಕ್ಕೆ ಮಡಚಿಕೊಂಡು, ಮೊಣಕಾಲೂರಿ, ಕಬ್ಬಿಣದ ಪುಡಿಯಲ್ಲಿ ಅದನ್ನು ಹುಡುಕತೊಡಗಿದ.