ಸೋಸುಬಟ್ಟೆ ಕಟ್ಟಿದ ದೋಣಿ

ಮೋಟಾರು ತಿರುಗುತ್ತಿತ್ತು, ದೋಣಿ ಮಾತ್ರ ಕದಲಲಿಲ್ಲ. ಮ್ಹೈಸಾಳದ ಘಾಟಿನ ಕೊನೆಯ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತ ಶ್ರೀಪಾಲ ರಿಮೋಟಿನ ಗುಂಡಿಯನ್ನು ಇನ್ನಷ್ಟು ಒತ್ತಿದ. ಹೊಟ್ಟೆಯ ಬಾಯಿಗೆ ಬಟ್ಟೆ ಬಿಗಿದ ಮೊಳದುದ್ದದ ದೋಣಿ ಕೃಷ್ಣೆಯ ನೀರಿನಲ್ಲಿ ನಿಂತಲ್ಲೇ ಗುಂಯ್ ಎಂದಿತು. ಹಿಂದಿನ ಹಿತ್ತಾಳೆ ಕೊಳವೆಯಿಂದ ನಾಲ್ಕು ಗುಳ್ಳೆ ಬಂದವು, ಅಷ್ಟೆ.

"ಬಾಯಿಗಿ ಅರಬಿ ಕಟ್ಟಿ ಓಡು ಓಡು ಅಂದ್ರ ಅದಾದ್ರೂ ಹೆಂಗ ಓಡ್ತೈತ್ರಿ?" ಮೇಲಿನ ಮೆಟ್ಟಿಲಲ್ಲಿ ಕೂತಿದ್ದ ಹೆಂಡತಿ ಚಂದ್ರಾಬಾಯಿ ಅಂದಳು. "ನಲವತ್ತ ವರ್ಷ ಲೇಥಿನ ಮುಂದ ನಿಂತವ್ರು ನೀವು. ನನಗ ತಿಳದದ್ದು ನಿಮಗ ತಿಳಿವಲ್ದ?"

"ಅರಬಿ ತಗದ್ರ ಮೀನಿನ ಮರಿ ಒಳಗ ಹೋಗ್ತಾವ."

"ಹಂಗಾರ ದೋಣಿನ ಬಿಡಬ್ಯಾಡ್ರಿ. ಏಳ್ರಿ, ಮಾತಾಜಿಯವರ ಆಹಾರ ಮುಗದಿರಬೇಕು."

ಮಾತಾಜಿ ಎಂದರೆ ಅವರ ಮಗಳು ಮೃಣಾಲ. ಸಾಂಗ್ಲಿಯಲ್ಲಿ ಮೆಕ್ಯಾನಿಕಲ್ ಓದಿದವಳು, ಎಂಟು ತಿಂಗಳ ಹಿಂದೆ ಆರ್ಯಿಕೆಯಾಗಿ, ಜೈನ ಸನ್ಯಾಸಿನಿಯಾಗಿ, ದೀಕ್ಷೆ ತೆಗೆದುಕೊಂಡಿದ್ದಳು. ಅಂದು ಅವಳು ತನ್ನ ಕೂದಲನ್ನು ತಾನೇ ಹಿಡಿಹಿಡಿಯಾಗಿ ಕಿತ್ತುಕೊಳ್ಳುವಾಗ ಮಂಟಪದ ತುಂಬ ಜಯಕಾರ. ಚಂದ್ರಾಬಾಯಿ ಬಿಕ್ಕಿ ಬಿಕ್ಕಿ ಅತ್ತು ಹಗುರಾದಳು. ಶ್ರೀಪಾಲ ಕೈಮುಗಿದು ಮುಂದಿನ ಸಾಲಿನಲ್ಲೇ ನಿಂತಿದ್ದ. ಒಳಗೆ ಏನೂ ಆಗಲಿಲ್ಲ. "ನಶೀಬವಾನ ಅದೀರಿ ಅಣ್ಣಾ, ಇಂಥಾ ಮಗಳನ್ನ ಹಡಿಲಿಕ್ಕೆ ಪುಣ್ಯಾ ಬೇಕು" ಎಂದು ಬಂದವರೆಲ್ಲ ಅಂದರು. "ಹೌದ್ರಿ" ಅಂದ. ಆಮೇಲಿನಿಂದ ಎಲ್ಲದಕ್ಕೂ ಹಾಗೇ ಆಯಿತು. ಸಾರಿಗೆ ಉಪ್ಪಿಲ್ಲ ಅಂದರೂ ಹೌದು, ಉಪ್ಪು ಜಾಸ್ತಿ ಅಂದರೂ ಹೌದು.

ಕುಪವಾಡದ ಅವನ ಶೆಡ್ಡಿನಲ್ಲಿ ಅವಳು ಅರ್ಧಕ್ಕೆ ಬಿಟ್ಟ ದೋಣಿ ಉಳಿದಿತ್ತು, ಜೊತೆಗೆ ಒಂದು ನಕ್ಷೆ. ಉಳಿದವರು ನೀರು ತಳ್ಳುವ ರೆಕ್ಕೆಯನ್ನು ದೋಣಿಯ ಹೊರಗೆ ತೂಗುಬಿಡುತ್ತಾರೆ. "ಅದಕ್ಕ ಮೀನ ಸಿಗತಾವಪ್ಪಾ" ಎಂದು ಹೇಳಿ ಅವಳು ರೆಕ್ಕೆಯನ್ನು ಕೊಳವೆಯೊಳಗೆ ಇಟ್ಟಿದ್ದಳು. ದೋಣಿಯ ಹೊಟ್ಟೆಯ ಸೀಳಿನಿಂದ ನೀರು ಒಳಗೆ ಬಂದು ಬಾಲದ ಕೊಳವೆಯಿಂದ ಚಿಮ್ಮಬೇಕು, ಆ ಒತ್ತಡಕ್ಕೆ ದೋಣಿ ಮುಂದೆ ಹೋಗಬೇಕು. ಶ್ರೀಪಾಲ ಲೇಥಿನಲ್ಲಿ ಹಿತ್ತಾಳೆ ಕೊಳವೆ ಕಡೆದ. ರೆಕ್ಕೆಯ ಮೂರು ಅಲಗುಗಳನ್ನು ಕೊಳವೆಯ ಗೋಡೆಗೆ ತಾಗದಂತೆ, ಕೂದಲೆಳೆ ಮಾತ್ರ ಬಿಟ್ಟು, ಅರದಿಂದ ಉಜ್ಜಿದ. ರೆಕ್ಕೆ ತಿರುಗಿಸುವ ದಂಡಕ್ಕೆ ಗ್ರೀಸು ಸವರಿದ. ಹೊಟ್ಟೆ ಕೊಯ್ದು ಕೊಳವೆ ಕೂರಿಸಿ, ಸುತ್ತ ಹನಿ ನೀರು ಇಳಿಯದಂತೆ ಎಪಾಕ್ಸಿ ಅಂಟು ಬಳಿದ. ಆದರೆ ನಕ್ಷೆಯಲ್ಲಿ ಹೊಟ್ಟೆಯ ಬಾಯಿಯ ಹತ್ತಿರ ಏನು ಕೂರಿಸಬೇಕೆಂದು ಅವಳು ಬರೆದಿರಲಿಲ್ಲ. ಪೆನ್ಸಿಲಿನ ಒಂದು ಪ್ರಶ್ನೆಯ ಗುರುತು ಇತ್ತು.

ಅವನು ಅಲ್ಲಿಗೆ ಅಡಿಗೆಮನೆಯ ನೀರು ಸೋಸುವ ಬಟ್ಟೆಯನ್ನೇ ಎರಡು ಪದರ ಮಾಡಿ ದಾರದಿಂದ ಬಿಗಿದ. ಬಟ್ಟೆ ತಡೆದು ಕೊಳವೆಗೆ ನೀರು ಸಾಲುತ್ತಿಲ್ಲ ಎಂಬುದು ಅವನಿಗೆ ಮೊದಲ ದಿನವೇ ತಿಳಿದಿತ್ತು. ಬಿಚ್ಚಲಿಲ್ಲ. ಮಾತಾಜಿಯವರ ಹತ್ತಿರ ತಂದೆಯಾದವನು ಏನು ಮಾತಾಡಬಹುದೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಕೆಲಸದ್ದೊಂದು ಪ್ರಶ್ನೆ ಇದ್ದರೆ, ಉತ್ತರ ಕೊಡುವಾಗ ಒಂದು ಗಳಿಗೆಯಾದರೂ ಮೃಣಾಲ ಮಾತಾಡಿಯಾಳು.

ಬಸದಿಯ ಪಕ್ಕದ ಕೋಣೆಯಲ್ಲಿ ಅವಳು ಮರದ ಹಲಗೆಯ ಮೇಲೆ ಕೂತಿದ್ದಳು. ಬಿಳಿ ಸೀರೆ, ಬೆರಳಗಲ ಬೆಳೆದ ಕೂದಲು, ಕೈಯಲ್ಲಿ ಸಣ್ಣ ಜೀವಗಳನ್ನು ನೋಯಿಸದೆ ಸರಿಸುವ ನವಿಲುಗರಿಯ ಪಿಂಛಿ. ಇಬ್ಬರೂ ದೂರದಲ್ಲೇ ಬಾಗಿದರು.

"ವಂದಾಮಿ ಮಾತಾಜಿ."

"ಸದ್ಧರ್ಮವೃದ್ಧಿರಸ್ತು."

ಶ್ರೀಪಾಲ ದೋಣಿಯನ್ನು ನೆಲದ ಮೇಲೆ ಮಗುಚಿ ಇಟ್ಟು ಸ್ವಲ್ಪ ಮುಂದೆ ಸರಿಸಿದ. "ಇದು ಓಡವಲ್ದುರಿ. ಬಾಯಿ ಹತ್ರ ಏನ ಹಾಕಬೇಕಂತ ನಕ್ಷೆದಾಗ ಬರದಿರಲಿಲ್ರಿ..."

ಅವಳು ಕೈ ಚಾಚಲಿಲ್ಲ. ತಲೆ ಮಾತ್ರ ಬಾಗಿತು, ಎಡಗಣ್ಣು ಮುಚ್ಚಿತು. ಕೊರೆದ ಕೊಳವೆಯ ನೇರ ನೋಡುವಾಗ ಹೀಗೆ ಒಂದು ಕಣ್ಣು ಮುಚ್ಚಬೇಕೆಂದು ಅವಳ ಹನ್ನೆರಡನೆಯ ವರ್ಷದಲ್ಲಿ ಅವನೇ ಕಲಿಸಿದ್ದ. ಶ್ರೀಪಾಲ ದೋಣಿಯನ್ನು ಅವಳ ನೋಟದ ನೇರಕ್ಕೆ ತಿರುಗಿಸಿದ. ಕಣ್ಣು ತೆರೆಯಿತು. ಅವಳು ನೆಟ್ಟಗೆ ಕೂತಳು.

"ಶ್ರಾವಕರ," ಎಂದಳು, ಬಂದ ಎಲ್ಲ ಗೃಹಸ್ಥರನ್ನು ಕರೆಯುವಂತೆ. "ಈ ಅರಬಿ ಇನ್ನ ಹಸಿ ಐತಿ. ಇದಕ್ಕ ಹತ್ತಿದ ಜೀವಗೋಳನ್ನ ತಿರಗಿ ನದಿಗಿ ಬಿಟ್ರೇನು?"

ಶ್ರೀಪಾಲ ಬಟ್ಟೆಯನ್ನು ಮುಟ್ಟಿ ನೋಡಿದ. ಮನೆಯಲ್ಲಿ ದಿನವೂ ನೀರು ಸೋಸಿ, ಬಟ್ಟೆ ಮಗುಚಿ, ಸೋಸಿದ ನೀರನ್ನೇ ಹನಿಸಿ ಬಾವಿಯ ಜೀವಗಳನ್ನು ಬಾವಿಗೇ ಬಿಡುವವನು ಇಂದು ಮರೆತಿದ್ದ.

"ಇಲ್ರಿ."

"ಅರಬಿ ಒಣಗೂದ್ರೊಳಗ ಬಿಡ್ರಿ."

"ಹೌದ್ರಿ. ಮತ್ತ... ದೋಣಿ?"

ಪಿಂಛಿ ಅವಳ ಮಡಿಲಲ್ಲಿ ಅಲುಗಾಡದೆ ಇತ್ತು. "ಅದು ಈಗ ನನ್ನದಲ್ರಿ," ಅಂದಳು. ಬಾಗಿಲಲ್ಲಿ ತೆಂಗಿನಕಾಯಿ ಹಿಡಿದ ಹೆಂಗಸರು ಕಾಯುತ್ತಿದ್ದರು. ಚಂದ್ರಾಬಾಯಿ ಅವನ ತೋಳು ಮುಟ್ಟಿ ಎಬ್ಬಿಸಿದಳು.

ಘಾಟಿನಲ್ಲಿ ಬಿಸಿಲು ಏರಿತ್ತು. ಶ್ರೀಪಾಲ ದಾರ ಕಡಿದ, ಬಟ್ಟೆಯನ್ನು ಮಗುಚಿ ನೀರಿನಲ್ಲಿ ಇಳಿಬಿಟ್ಟ. ಕಣ್ಣಿಗೆ ಕಾಣದ್ದೇನೋ ಅದರಿಂದ ಬಿಟ್ಟು ಹೋಗಲಿ ಎಂದು ಬಹಳ ಹೊತ್ತು ಹಾಗೇ ಹಿಡಿದಿದ್ದ. ಬಳಿಕ ಬಟ್ಟೆಯನ್ನು ಮೆಟ್ಟಿಲ ಮೇಲಿಟ್ಟು, ಮೋಟಾರು ತಿರುಗದಂತೆ ಬ್ಯಾಟರಿಯ ತಂತಿ ಬಿಚ್ಚಿದ. ದೋಣಿಯ ಮೂತಿಯನ್ನು ಹರಿವಿಗೆದುರು ಮಾಡಿ, ಎರಡೂ ಕೈಯಿಂದ ನೀರಿಗೆ ಅದುಮಿ ಹಿಡಿದ.

"ಮಿರಜದ ಬಸ್ಸು ಹೋಗ್ತೈತ್ರಿ," ಚಂದ್ರಾಬಾಯಿ ಮೇಲಿನಿಂದ ಕರೆದಳು.

ನದಿ ದೋಣಿಯ ಹೊಟ್ಟೆಯ ಬಟ್ಟೆಯಿಲ್ಲದ ಸೀಳಿನಲ್ಲಿ ಹೊಕ್ಕಿತು. ಒಳಗೆ ಅಲಗುಗಳು ಮೆಲ್ಲಗೆ, ತಮ್ಮಷ್ಟಕ್ಕೆ, ತಿರುಗತೊಡಗಿದವು. ಹಿಂದಿನ ಕೊಳವೆಯಿಂದ ನೀರು ಹೊರಬಿದ್ದು ಅವನ ಬೆರಳುಗಳ ಸಂದಿಯಲ್ಲಿ ಹರಿದುಹೋಗುತ್ತಿತ್ತು.