ನೆವಿಲ್ ಟ್ರೆಜೀಸನ ಇಕ್ಕಳ

ಆಸ್ಟ್ರೇಲಿಯಾದ ಬೆಂಡಿಗೋ ಊರಿನ ಯಾರ ಹಿತ್ತಲಲ್ಲಿ ಮಾಂಸ ಸುಡುವ ಒಲೆ ಹೊತ್ತಿದರೂ ಇಕ್ಕಳ ಕೊನೆಗೆ ನೆವಿಲ್ ಟ್ರೆಜೀಸನ ಕೈಗೇ ಬಂದು ಸೇರುತ್ತಿತ್ತು. ಮನೆಯ ಯಜಮಾನ ಎರಡು ಸಾಸೇಜು ಮಗುಚುವಷ್ಟರಲ್ಲಿ, ಕೊಳಾಯಿ ಕೆಲಸದ ಕಾಲದ ಆ ಮಾಸಿದ ಕೋಟಿನಲ್ಲಿ, ಎಡಗಾಲನ್ನು ತುಸು ಎಳೆಯುತ್ತ ಬಂದು, 'ಕೊಡು ಇಲ್ಲಿ, ಕರಕು ಮಾಡ್ಬಿಡ್ತೀಯ' ಎನ್ನುವನು. ಇಕ್ಕಳ ಹಿಡಿದವನಿಗೆ ಅಲ್ಲಿ ಯಾರೂ ಎದುರಾಡುವುದಿಲ್ಲ. ಅವನ ಉಪದೇಶದ ವಿಷಯವೂ ಒಂದೇ: ಬಾಡಿಗೆಗೆ ಕೊಡುವ ಮನೆ, ಅದರ ಮೇಲಿನ ಸಾಲ, ಆ ಸಾಲದ ಬಡ್ಡಿಗೆ ಸಿಗುವ ತೆರಿಗೆ ವಿನಾಯಿತಿ. 'ಬಡ್ಡಿ ಕಟ್ಟೋನು ನೀನು, ಅಳೋರು ತೆರಿಗೆಯವ್ರು!' ಎಂದು ಇಕ್ಕಳವನ್ನು ಕಟಕಟಿಸಿ ನಗುವನು.

ವಿಧವೆಯಾದ ತಂಗಿ ಗ್ಲೆನಿಸ್ ಮೊಮ್ಮಕ್ಕಳ ಹತ್ತಿರ ಮನೆ ಕೊಳ್ಳಬೇಕೆಂದಾಗಲೂ ದಾರಿ ತೋರಿಸಿದವನು ಅವನೇ. 'ಹಳೇ ಮನೆ ಮಾರ್ಬೇಡ, ಬಾಡಿಗೆಗೆ ಕೊಡು. ಅದರ ಮೇಲೇ ಮತ್ತೆ ಸಾಲ ಎತ್ತಿ ಹೊಸದು ತಗೋ. ಸಾಲ ಬಾಡಿಗೆ ಮನೆ ಮೇಲಿದೆಯಲ್ಲ, ಬಡ್ಡಿ ಪೂರ್ತಿ ತೆರಿಗೆ ಲೆಕ್ಕದಲ್ಲಿ ಕಳೀಬಹುದು.' ಅವಳು ಹಾಗೆಯೇ ಮಾಡಿದಳು. ಕೆಲವು ವರ್ಷಗಳ ಮೇಲೆ ತೆರಿಗೆಯವರು ವಿಚಾರಿಸಿದಾಗ ಇಬ್ಬರೂ ಲೆಕ್ಕ ಬಲ್ಲ ಹೆಂಗಸೊಬ್ಬಳ ಮುಂದೆ ಹೋಗಿ ಕುಳಿತರು.

'ಸಾಲ ಯಾವ ಮನೆ ಮೇಲಿದೆ ಅಂತ ಅವ್ರು ನೋಡಲ್ಲ. ದುಡ್ಡು ಎಲ್ಲಿಗೆ ಹೋಯ್ತು ಅಂತ ನೋಡ್ತಾರೆ. ಹೋಗಿದ್ದು ನೀವಿರೋ ಮನೆಗೆ, ಆ ಬಡ್ಡಿ ಕಳೆಯೋಕೆ ಬರಲ್ಲ. ಯಾರು ನಿಮಗೆ ಹೀಗೆ ಹೇಳಿದ್ದು?' ಎಂದಳು ಆಕೆ.

ನೆವಿಲ್ ಮುಂದಿದ್ದ ಕಾಗದಗಳನ್ನು ಮಗುಚತೊಡಗಿದ. 'ಯಾರೂ ಇಲ್ಲ, ನಾನೇ ತಪ್ಪು ತಿಳ್ಕೊಂಡೆ' ಎಂದಳು ಗ್ಲೆನಿಸ್. ದಂಡ ಕಟ್ಟಲು ಕಾರು ಮಾರಿದಳು. ಮಗನೂ ಸೇರಿ ಕೇಳಿದವರಿಗೆಲ್ಲ ಕಣ್ಣು ಮಂಜಾಗಿದೆ ಎಂದಳು. ಚೀಲ ಹೊತ್ತು ಬಸ್ಸಿಗೆ ಕಾಯುವ ತಂಗಿಯನ್ನು ಕಂಡಾಗಲೆಲ್ಲ ನೆವಿಲ್ ನಾಚಿಕೆಯಿಂದ ಕುಗ್ಗಿಹೋಗುತ್ತಿದ್ದ. ಆದರೂ ಮುಂದಿನ ಭಾನುವಾರ ಇಕ್ಕಳ ಅವನ ಕೈಯಲ್ಲೇ ಇರುತ್ತಿತ್ತು.

ಕ್ರಿಸ್‌ಮಸ್ಸಿನ ಮರುದಿನ ಗ್ಲೆನಿಸಳ ಹಿತ್ತಲಲ್ಲಿ ಅವಳ ಮಗ ಡಾರ್ಸಿ ಎಲ್ಲರೆದುರಿಗೆ ಕೇಳಿದ: 'ನೆವ್ ಮಾವ, ಅಮ್ಮ ಮಾಡಿದ ಹಾಗೇ ನಾವೂ ಸಾಲ ಎತ್ತಿ ಹೊಸ ಮನೆಗೆ ಹೋಗೋಣ ಅಂತಿದೀವಿ. ಹೇಗೆ ಅಂತ ಹೇಳಿಕೊಡು.'

'ಅವನು ಒಲೆ ಮುಂದೆ ಇದಾನೆ, ಬಿಡೋ ಅವನನ್ನ' ಎಂದು ಗ್ಲೆನಿಸ್ ತಲೆಯೆತ್ತದೆ ಬ್ರೆಡ್ಡಿನ ಮೇಲೆ ಬೀಟ್‌ರೂಟ್ ಇಡುತ್ತ ಹೋದಳು. ಈಗಲೂ ಅವಳು ತನ್ನನ್ನು ಕಾಪಾಡುತ್ತಿದ್ದಾಳೆ ಎಂಬುದನ್ನು ನೆವಿಲ್ಲನಿಗೆ ತಡೆಯಲಾಗಲಿಲ್ಲ.

'ನಾನು ಹೇಳಿದ್ದೇ ತಪ್ಪು ಕಣೋ. ನಿಮ್ಮಮ್ಮನ ಕಾರು ಹೋಗಿದ್ದು ಕಣ್ಣಿಂದಲ್ಲ, ನನ್ನ ಬಾಯಿಂದ' ಎಂದು ಅವನು ಇಕ್ಕಳವನ್ನು ಡಾರ್ಸಿಯ ಕೈಗಿತ್ತ. ಒಲೆಯ ಮೇಲೆ ಸಾಸೇಜುಗಳು ಕರಕಾದವು. ಗ್ಲೆನಿಸ್ ಪಕ್ಕದ ಕುರ್ಚಿಯ ಮೇಲಿದ್ದ ತಟ್ಟೆಯನ್ನು ತೆಗೆದು ಅವನಿಗೆ ಜಾಗ ಮಾಡಿದಳು.

ಇಂಥವರು ಎಲ್ಲ ಊರಲ್ಲೂ ಇದ್ದಾರೆ. ಕೆಟ್ಟವರಲ್ಲ, ಪ್ರೀತಿಯಿಂದಲೇ ಹೇಳುತ್ತಾರೆ, ಕೇಳುವವರಿದ್ದಾರೆಂಬ ಸುಖಕ್ಕೆ ಇನ್ನಷ್ಟು ಹೇಳುತ್ತಾರೆ. ಅದರ ದಂಡ ತೆರುವವರು ಅವರನ್ನು ನಂಬಿದವರು. ನಂಬಿದವರು ಒಮ್ಮೆಯಾದರೂ ಬೈದಿದ್ದರೆ ಇವರು ಬೇಗ ತಪ್ಪೊಪ್ಪಿಕೊಳ್ಳುತ್ತಿದ್ದರೇನೋ. ಅವರು ಬೈಯುವುದೇ ಇಲ್ಲ.